ಕೊಡಗಿನ ರಾಜಕುಮಾರಿ ಗೌರಮ್ಮ: ಆಕೆಯ ಜೀವಿತವೂ ಬಿರುದುಗಳೂ

ನಮ್ಮ ಪಾಠಶಾಲೆಯ ಒಂಬತ್ತನೆಯ ತರಗತಿಯವರಿಗೆ ಒಮ್ಮೆ ನಾನು ಚರಿತ್ರೆಯ ಪಾಠವನ್ನು ಹೇಳುತ್ತಿದ್ದಾಗ, ಕೊಡಗು ಸಂಸ್ಥಾನವು ಕುಂಪಣಿಯವರ ವಶವಾದ ಸಂಗತಿಯು ಬಂದಿತು. ಪುಸ್ತಕದಲ್ಲಿ ಅದಕ್ಕೆ ಎರಡೇ ಸಾಲುಗಳು. ಮಕ್ಕಳ ಮನಸ್ಸು ಬೇಸರಗೊಳ್ಳದಿರಲೆಂದು, ಆ ಕಡೆಯ ಅರಸನ ಮಗಳು ಸುಮಾರು ಹನ್ನೊಂದನೆಯ ವಯಸ್ಸಿನಲ್ಲಿ ಲಂಡನ್ ಪಟ್ಟಣದ ಅರಮನೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿ, ವಿಕ್ಟೋರಿಯಾ ಎಂಬ ಹೊಸ ಹೆಸರನ್ನು ಧರಿಸಿದಳೆಂದು ಹೇಳಿದೆನು. ಇಂಗ್ಲೆಂಡಿನ ರಾಣಿಯೇ ಅವಳಿಗೆ ಜ್ಞಾನಮಾತೆಯಾಗಿ ನಿಂತಳೆಂಬುದನ್ನು ಕೇಳಿ ಮಕ್ಕಳೆಲ್ಲರೂ ಬೆರಗಾದರು. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಸಾಮಾನ್ಯವಾಗಿ ಬಾಯಿ ತೆರೆಯದ ಒಬ್ಬ ಹುಡುಗಿಯು ಎದ್ದು ನಿಂತು, "ಅಮ್ಮಾ, ಹೆಸರು ಬದಲಾಯಿಸುವಾಗ ಆ ಹುಡುಗಿಯನ್ನು ಯಾರಾದರೂ ಕೇಳಿದರೇ?" ಎಂದಳು.

ಆಗಲೇ ಗಂಟೆ ಬಾರಿಸಿತು. ನಾಳೆ ಹೇಳುವೆನೆಂದು ಹೊರಟು ಬಂದೆನು. ಆದರೆ ಆ ನಾಳೆಯು ಬೇಗನೆ ಬರಲಿಲ್ಲ. ಯಾಕಂದರೆ ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಅಂದಿನಿಂದ ಸಮಯ ದೊರೆತಾಗಲೆಲ್ಲಾ ಗೌರಮ್ಮನ ಚರಿತ್ರೆಯನ್ನು ಓದುತ್ತಾ ಬಂದಿದ್ದೇನೆ. ಹಾಗೆ ಓದಿ ತಿಳಿದುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಮಾತಾಪಿತೃಗಳ ಮುಂದೆ ಒಂದು ಪಾಠದಂತೆ ಇಲ್ಲಿ ಇಡುತ್ತೇನೆ. ಆಕೆಗೆ ಲಭಿಸಿದ ಹೆಸರುಗಳನ್ನೂ ಬಿರುದುಗಳನ್ನೂ ಒಂದೊಂದಾಗಿ ತೆಗೆದುಕೊಂಡು ವಿಚಾರಿಸುವುದೇ ಈ ಪಾಠದ ಕ್ರಮವು.

ಬಿರುದು ಎಂದರೇನು?

ರಾಜವಂಶದವರಿಗೆ ಬಿರುದುಗಳು ಮೂರು ದಾರಿಗಳಿಂದ ಬರುತ್ತವೆ. ಮೊದಲನೆಯದು ಜನನದಿಂದ, ಎರಡನೆಯದು ವಿವಾಹದಿಂದ, ಮೂರನೆಯದು ದೊರೆಯ ಸನ್ನದಿನಿಂದ. ಇಂಗ್ಲೆಂಡಿನಲ್ಲಿ ಇವೆಲ್ಲವೂ ಕಟ್ಟುನಿಟ್ಟಾದ ನಿಯಮಗಳಿಂದ ನಡೆಯುತ್ತವೆ. ಯಾವ ಯಾವ ಮೊಮ್ಮಕ್ಕಳು ರಾಜಕುಮಾರ ರಾಜಕುಮಾರಿಯರೆನ್ನಿಸಿಕೊಳ್ಳಬಹುದೆಂಬುದನ್ನು ಐದನೆಯ ಜಾರ್ಜ್ ದೊರೆಯು ೧೯೧೭ರಲ್ಲಿ ಸನ್ನದಿನ ಮೂಲಕ ಗೊತ್ತುಮಾಡಿದನು. ಎರಡನೆಯ ಎಲಿಜಬೆತ್ ರಾಣಿಯವರು ೨೦೧೨ರಲ್ಲಿ ಅದನ್ನು ವಿಸ್ತರಿಸಿದ್ದರಿಂದಲೇ, ೨೦೧೫ರಲ್ಲಿ ಜನಿಸಿದ ಷಾರ್ಲೆಟ್ ಎಂಬ ಮಗುವು ಹುಟ್ಟಿನಿಂದಲೇ ರಾಜಕುಮಾರಿಯಾದಳು. ೨೦೧೩ರ ಕಾಯಿದೆಯಿಂದಾಗಿ, ೨೦೧೮ರಲ್ಲಿ ತಮ್ಮನು ಹುಟ್ಟಿದರೂ ಸಿಂಹಾಸನದ ಸಾಲಿನಲ್ಲಿ ಆಕೆಯ ಸ್ಥಾನವು ಅವನ ಮುಂದೆಯೇ ಉಳಿಯಿತು. ಹೆಣ್ಣು ಮಗುವಿನ ಹಕ್ಕು ಕಾಗದದ ಮೇಲೆ ಬರುವುದಕ್ಕೆ ಆ ದೇಶದಲ್ಲಿಯೂ ಇಷ್ಟು ಕಾಲ ಹಿಡಿಯಿತೆಂಬುದನ್ನು ನಮ್ಮ ಹುಡುಗಿಯರು ಗಮನಿಸಬೇಕು.

ಈ ಮೂರು ಬಗೆಯ ಬಿರುದುಗಳಿಗೂ ಒಂದು ಸಮಾನ ಗುಣವುಂಟು. ಅವು ಒಬ್ಬ ವ್ಯಕ್ತಿಯು ಯಾರಿಗೆ ಸೇರಿದವನು ಅಥವಾ ಯಾರಿಗೆ ಸೇರಿದವಳು ಎಂಬುದನ್ನು ಹೇಳುತ್ತವೆಯೇ ಹೊರತು, ಅವರು ತಾವಾಗಿ ಏನಾಗಿದ್ದಾರೆಂಬುದನ್ನು ಹೇಳುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಗೌರಮ್ಮನ ಬಳಿಗೆ ಹೋಗೋಣ.

೧. ಅರಸನ ಮಗಳು

ಕೊಡಗನ್ನು ಆಳಿದ ಹಾಲೇರಿ ವಂಶದವರು ಲಿಂಗಾಯತ ಮತಸ್ಥರು; ಅವರ ಆಸ್ಥಾನದ ಭಾಷೆಯು ಕನ್ನಡ. ೧೬೮೧ರಲ್ಲಿ ಮುದ್ದುರಾಜನು ಮಡಿಕೇರಿಯನ್ನು ರಾಜಧಾನಿಯನ್ನಾಗಿ ಮಾಡಿದನು. ಈ ವಂಶದಲ್ಲಿ ಹೆಸರುವಾಸಿಯಾದ ದೊಡ್ಡ ವೀರರಾಜೇಂದ್ರನು ಟೀಪು ಸುಲ್ತಾನನೊಡನೆ ಹೋರಾಡಿ ತನ್ನ ಸೀಮೆಯನ್ನು ಉಳಿಸಿಕೊಂಡನು. ಅವನಿಗೆ ಗಂಡು ಸಂತಾನವಿರಲಿಲ್ಲ. ೧೮೦೯ರಲ್ಲಿ ಅವನು ತೀರಿಕೊಂಡಾಗ ದೇವಮ್ಮಾಜಿ ಎಂಬ ಎಳೆಯ ಮಗಳು ರಾಣಿಯೆನ್ನಿಸಿಕೊಂಡಳು. ಆದರೆ ಎರಡು ವರ್ಷಗಳೊಳಗಾಗಿ ಆಕೆಯ ಚಿಕ್ಕಪ್ಪನಾದ ಲಿಂಗರಾಜನು ಪಟ್ಟವನ್ನು ತನ್ನದಾಗಿ ಮಾಡಿಕೊಂಡನು. ದೇವಮ್ಮಾಜಿಗೆ ಬಿರುದು ಇತ್ತು, ಬಲವಿರಲಿಲ್ಲ. ಮುಂದಿನ ಆಳಿಕೆಯಲ್ಲಿ ಆಕೆಯ ಜೀವವೂ ಉಳಿಯಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ.

ಲಿಂಗರಾಜನ ಮಗನೇ ಚಿಕವೀರರಾಜೇಂದ್ರನು. ೧೮೨೦ರಲ್ಲಿ ಪಟ್ಟಕ್ಕೆ ಬಂದ ಇವನ ಆಳಿಕೆಯು ಕ್ರೂರವಾದದ್ದೆಂದು ಹೆಸರಾಯಿತು. ೧೮೩೪ರಲ್ಲಿ ಕುಂಪಣಿಯ ಸೈನ್ಯವು ಕೊಡಗನ್ನು ಹೊಕ್ಕು ಅವನನ್ನು ಪದಚ್ಯುತನನ್ನಾಗಿ ಮಾಡಿತು. ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೫೬ರಲ್ಲಿ ಪ್ರಕಟಿಸಿದ 'ಚಿಕವೀರ ರಾಜೇಂದ್ರ' ಎಂಬ ಕಾದಂಬರಿಯನ್ನು ನಿಮ್ಮಲ್ಲಿ ಅನೇಕರು ಓದಿರುವಿರಿ. ಅರಸನನ್ನು ಬೆಂಗಳೂರು ಮತ್ತು ವೇಲೂರುಗಳ ಮಾರ್ಗವಾಗಿ ದೂರದ ಕಾಶೀಪಟ್ಟಣಕ್ಕೆ ಕಳುಹಿಸಲಾಯಿತು. ಅಲ್ಲಿ, ರಾಜ್ಯವು ಹೋಗಿ ಏಳು ವರ್ಷಗಳಾದ ಮೇಲೆ, ೧೮೪೧ರಲ್ಲಿ ಗೌರಮ್ಮನು ಜನಿಸಿದಳು.

ಆದದರಿಂದ ಆಕೆಯ ಮೊದಲನೆಯ ಬಿರುದಿನಲ್ಲಿಯೇ ಒಂದು ವಿಪರೀತವು ಅಡಗಿದೆ. ಲೋಕವೆಲ್ಲಾ ಆಕೆಯನ್ನು ಕೊಡಗಿನ ರಾಜಕುಮಾರಿ ಎಂದು ಕರೆಯಿತು. ಕೊಡಗನ್ನಾದರೋ ಆಕೆಯು ಒಂದು ದಿನವೂ ಕಾಣಲಿಲ್ಲ. ಕಾವೇರಿಯು ಹುಟ್ಟುವ ಬೆಟ್ಟವು, ಮಡಿಕೇರಿಯ ಕೋಟೆಯು, ತನ್ನ ಅಜ್ಜನು ಕಟ್ಟಿಸಿದ ಓಂಕಾರೇಶ್ವರನ ಗುಡಿಯು, ಹಿರಿಯರ ಗದ್ದಿಗೆಗಳು, ಇವೆಲ್ಲವೂ ಆಕೆಗೆ ಕೇಳಿದ ಮಾತಾಗಿದ್ದವೇ ಹೊರತು ಕಂಡ ನೋಟವಾಗಿರಲಿಲ್ಲ. ಬಿರುದು ಊರಿನದು, ಹುಡುಗಿಯು ಪರಸ್ಥಳದವಳು.

೨. ಗೌರಮ್ಮ

ಇದು ಬಿರುದಲ್ಲ, ಹೆಸರು. ಆದರೂ ಇದನ್ನು ಈ ಸಾಲಿನಲ್ಲಿ ಸೇರಿಸಿದ್ದಕ್ಕೆ ಕಾರಣವನ್ನು ಕಡೆಯಲ್ಲಿ ಹೇಳುವೆನು. ಗೌರಿ ಎಂಬ ದೇವಿಯ ಹೆಸರಿನಿಂದ ಬಂದ ಈ ನಾಮವು ಕನ್ನಡ ನಾಡಿನ ಊರೂರುಗಳಲ್ಲಿಯೂ ಇರುವಂಥಾದ್ದು. ಅರಮನೆಯಲ್ಲಿಯೂ ಗೌರಮ್ಮ, ಗುಡಿಸಲಿನಲ್ಲಿಯೂ ಗೌರಮ್ಮ. ನಮ್ಮ ದಾಖಲೆಯ ಪುಸ್ತಕದಲ್ಲಿಯೇ ಈ ಹೆಸರಿನವರು ಎಷ್ಟೋ ಮಂದಿ. ಸೆರೆಯಲ್ಲಿದ್ದ ಅರಸನ ಮನೆಯಲ್ಲಿ ಕೊಡಗಿನಿಂದ ಉಳಿದುಬಂದ ಆಸ್ತಿಗಳಲ್ಲಿ ಈ ಹೆಸರೂ ಒಂದು.

೩. ವಿಕ್ಟೋರಿಯಾ

ಚಿಕವೀರರಾಜೇಂದ್ರನು ೧೮೫೨ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದನು. ಅವನ ಉದ್ದೇಶಗಳು ಎರಡು. ಮಗಳನ್ನು ಕ್ರಿಸ್ತೀಯ ಮತದಲ್ಲಿಯೂ ಇಂಗ್ಲಿಷ್ ವಿದ್ಯೆಯಲ್ಲಿಯೂ ಬೆಳೆಸಬೇಕೆಂಬುದೊಂದು. ಕುಂಪಣಿಯವರು ತಡೆಹಿಡಿದಿದ್ದ ಹಣದ ಪತ್ರಗಳನ್ನು ಹಿಂದಕ್ಕೆ ಪಡೆಯಬೇಕೆಂಬುದು ಇನ್ನೊಂದು. ತಂದೆಯ ಮನಸ್ಸಿನಲ್ಲಿ ಈ ಎರಡರಲ್ಲಿ ಯಾವುದು ಹೆಚ್ಚಾಗಿತ್ತೆಂದು ತೂಕಮಾಡುವುದು ನನ್ನ ಕೆಲಸವಲ್ಲ. ಒಂದಂತೂ ನಿಜ: ಮಗುವು ತಂದೆಯ ಕೈಬಿಟ್ಟು ರಾಣಿಯ ಕೈ ಸೇರಿತು.

ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು ಆಕೆಗೆ ದೀಕ್ಷಾಸ್ನಾನವನ್ನು ಮಾಡಿಸಿದರು. ವಿಕ್ಟೋರಿಯಾ ರಾಣಿಯವರು ಜ್ಞಾನಮಾತೆಯಾಗಿ ನಿಂತು ತಮ್ಮ ಹೆಸರನ್ನೇ ಕೊಟ್ಟರು. ಆ ದಿನದಿಂದ ಆಕೆಯು ವಿಕ್ಟೋರಿಯಾ ಗೌರಮ್ಮ.

ಇಲ್ಲಿ ಸ್ವಲ್ಪ ನಿಂತು, ಹೆಸರು ಕೊಟ್ಟವರ ಬಾಲ್ಯವನ್ನು ನೋಡಬೇಕು. ವಿಕ್ಟೋರಿಯಾ ರಾಣಿಯವರು ೧೮೧೯ರಲ್ಲಿ ಮಗುವಾಗಿದ್ದಾಗ, ಅವರ ದೀಕ್ಷಾಸ್ನಾನದಲ್ಲಿಯೂ ಹೆಸರಿನ ಜಗಳವೇ ನಡೆಯಿತು. ತಂದೆತಾಯಿಗಳು ಆರಿಸಿದ್ದ ಹೆಸರುಗಳನ್ನು ದೊಡ್ಡಪ್ಪನಾದ ಯುವರಾಜನು ಒಪ್ಪಲಿಲ್ಲ. ಕಡೆಗೆ ರಷ್ಯಾ ದೇಶದ ಚಕ್ರವರ್ತಿಯ ಹೆಸರಿನಿಂದ ಅಲೆಕ್ಸಾಂಡ್ರಿನಾ ಎಂದೂ ತಾಯಿಯ ಹೆಸರಿನಿಂದ ವಿಕ್ಟೋರಿಯಾ ಎಂದೂ ಇಟ್ಟರು. ಮನೆಯಲ್ಲಿ ಡ್ರೀನಾ ಎಂದು ಕರೆಯುತ್ತಿದ್ದರು. ಆದರೆ ೧೮೩೭ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದೊಡನೆ ಆ ಯುವತಿಯು ಮೊದಲನೆಯ ಹೆಸರನ್ನು ಬಿಟ್ಟು, ಎರಡನೆಯದನ್ನೇ ತನ್ನ ರಾಜನಾಮವಾಗಿ ಇಟ್ಟುಕೊಂಡಳು. ಅಂದರೆ ವಿಕ್ಟೋರಿಯಾ ಎಂಬುದು ರಾಣಿಯವರು ತಾವಾಗಿ ಆರಿಸಿಕೊಂಡ ಹೆಸರು. ತಾವು ಆರಿಸಿಕೊಂಡುದನ್ನು ಪ್ರೀತಿಯಿಂದಲೇ ಗೌರಮ್ಮನಿಗೆ ಕೊಟ್ಟರು. ಆದರೆ ಆರಿಸಿಕೊಳ್ಳುವುದನ್ನು ಕೊಡಲಿಲ್ಲ.

ಇದನ್ನು ನಾನು ದೀಕ್ಷಾಸ್ನಾನವನ್ನು ಹೀನೈಸುವುದಕ್ಕಾಗಿ ಹೇಳುತ್ತಿಲ್ಲ. ನಾನೂ ಮಿಷನ್ ಶಾಲೆಯಲ್ಲಿಯೇ ಓದಿ, ಅಲ್ಲಿಯೇ ತರಬೇತು ಹೊಂದಿ, ಆ ವಿದ್ಯೆಯ ಅನ್ನವನ್ನೇ ಇಂದಿಗೂ ಉಣ್ಣುತ್ತಿರುವವಳು. ಸತ್ಯವೇದದಲ್ಲಿಯೂ ಎರಡು ಹೆಸರಿನವರಿದ್ದಾರೆ. ಬಾಬೆಲಿನ ಅರಮನೆಯಲ್ಲಿ ದಾನಿಯೇಲನಿಗೆ ಬೇರೆ ಹೆಸರಿಟ್ಟರು. ಎಸ್ತೇರಳಿಗೆ ಹದಸ್ಸಾ ಎಂಬ ಸ್ವಜನರ ಹೆಸರೂ ಇತ್ತು. ಎಸ್ತೇರಳು ತಂದೆತಾಯಿಗಳಿಲ್ಲದ ಹುಡುಗಿ, ಪರದೇಶದ ಅರಮನೆಗೆ ಸೇರಿದವಳು, ಕಿರೀಟವನ್ನು ತಾನಾಗಿ ಬೇಡಿದವಳಲ್ಲ. ಆದರೂ ಆಕೆಯನ್ನು ನಾವು ಇಂದಿಗೂ ನೆನೆಯುವುದೇಕೆ? ಸಮಯವು ಬಂದಾಗ ಆಕೆಯು ಬಾಯಿ ತೆರೆದು ಸ್ವಜನರಿಗಾಗಿ ಮಾತನಾಡಿದಳು. ಬಿರುದಿಗೆ ಬೆಲೆ ಬರುವುದು ಅದರಿಂದ ಮಾಡುವ ಕೆಲಸದಿಂದ. ಗೌರಮ್ಮನಿಗೆ ಬಿರುದನ್ನು ಕೊಟ್ಟವರು ಅದರಿಂದ ಮಾಡತಕ್ಕ ಕೆಲಸವನ್ನು ಕೊಡಲಿಲ್ಲ. ಅದೇ ಆಕೆಯ ದುರ್ದೆಶೆಗೆ ಮೂಲವೆಂದು ನನ್ನ ಅಭಿಪ್ರಾಯ.

೪. ರಾಣಿಯ ಸಾಕುಮಗಳು

ರಾಣಿಯವರ ಪ್ರೀತಿಯು ಸುಳ್ಳಾದುದಲ್ಲ. ಅವರ ದಿನಚರಿಯಲ್ಲಿ ಗೌರಮ್ಮನ ಪ್ರಸ್ತಾಪವು ಬರುತ್ತದೆ. ವಿಂಟರ್‌ಹಾಲ್ಟರ್ ಎಂಬ ಆಸ್ಥಾನದ ಚಿತ್ರಕಾರನಿಂದ ಆಕೆಯ ವರ್ಣಚಿತ್ರವನ್ನು ಬರೆಯಿಸಿದರು. ಮಾರೋಚೆಟಿ ಎಂಬ ಶಿಲ್ಪಿಯಿಂದ ಅಮೃತಶಿಲೆಯಲ್ಲಿ ಪ್ರತಿಮೆಯನ್ನು ಮಾಡಿಸಿದರು. ಛಾಯಾಚಿತ್ರವಿದ್ಯೆಯು ಇನ್ನೂ ಎಳೆಯದಾಗಿದ್ದ ೧೮೫೪ರಲ್ಲಿಯೇ ರೋಜರ್ ಫೆಂಟನ್ ಎಂಬವನು ಆಕೆಯ ಛಾಯಾಚಿತ್ರವನ್ನು ತೆಗೆದನು. ಈ ಚಿತ್ರಗಳಲ್ಲಿ ಆಕೆಗೆ ಹಿಂದುಸ್ಥಾನದ ಉಡಿಗೆ ತೊಡಿಗೆಗಳೇ ಇವೆ.

ಇದನ್ನು ಸ್ವಲ್ಪ ಆಲೋಚಿಸಿರಿ. ಊಟ, ಮಾತು, ಪ್ರಾರ್ಥನೆ, ನಡವಳಿಕೆ ಎಲ್ಲವೂ ಇಂಗ್ಲಿಷರ ಮನೆಯ ಮಗಳದಾಗಬೇಕು. ಚಿತ್ರಕ್ಕೆ ಕುಳಿತಾಗ ಮಾತ್ರ ಪೂರ್ವದೇಶದ ರಾಜಕುಮಾರಿಯಾಗಿ ಕಾಣಬೇಕು. ಹದಿಮೂರು ವರ್ಷದ ಹುಡುಗಿಗೆ, ನಾನು ಇವರಲ್ಲಿ ಯಾರು ಎಂಬ ಪ್ರಶ್ನೆಯು ಹುಟ್ಟದೆ ಇದ್ದೀತೇ? ನಮ್ಮ ಹಾಸ್ಟೆಲಿಗೆ ಹಳ್ಳಿಯಿಂದ ಬಂದ ಹುಡುಗಿಯರು ಮೊದಲನೆಯ ರಜೆಗೆ ಮನೆಗೆ ಹೋಗಿ ಬಂದ ಮೇಲೆ ಕೆಲವು ದಿನ ಮೌನವಾಗಿರುವುದನ್ನು ನಾನು ಪ್ರತಿವರ್ಷವೂ ನೋಡುತ್ತೇನೆ. ಅವರಿಗಾದರೂ ಹೋಗಿ ಬರುವುದಕ್ಕೆ ಒಂದು ಮನೆಯಿದೆ.

ಗೌರಮ್ಮನನ್ನು ಮೊದಲು ಡ್ರಮಂಡ್ ಎಂಬ ಸೈನ್ಯಾಧಿಕಾರಿಯ ಹೆಂಡತಿಯ ವಶಕ್ಕೂ ಕೆಲವು ವರ್ಷಗಳ ತರುವಾಯ ಲೇಡಿ ಲಾಗಿನ್ ಎಂಬಾಕೆಯ ವಶಕ್ಕೂ ಒಪ್ಪಿಸಲಾಯಿತು. ತಂದೆಯು ಲಂಡನ್ನಿನಲ್ಲಿಯೇ ಇದ್ದರೂ ಮಗಳನ್ನು ಮನಸ್ಸು ಬಂದಾಗ ನೋಡುವ ಸ್ವಾತಂತ್ರ್ಯವು ಅವನಿಗಿರಲಿಲ್ಲ. ಅವನ ಸಹವಾಸದಿಂದ ಹುಡುಗಿಯ ಹೊಸ ಸಂಸ್ಕಾರವು ಕೆಡುವುದೆಂಬ ಭಯವು ಪಾಲಕರಿಗಿತ್ತು. ೧೮೫೯ರಲ್ಲಿ ಅವನು ಅಲ್ಲಿಯೇ ತೀರಿಹೋಗಿ, ಲಂಡನ್ನಿನ ಕೆನ್ಸಲ್ ಗ್ರೀನ್ ಎಂಬ ಸ್ಮಶಾನದಲ್ಲಿ ಹೂಣಲ್ಪಟ್ಟನು. ಹಣಕ್ಕಾಗಿ ಹೂಡಿದ್ದ ವ್ಯಾಜ್ಯವೂ ಸೋತುಹೋಯಿತು.

ಇದೇ ವರ್ಷಗಳಲ್ಲಿ ನಮ್ಮ ಕನ್ನಡ ನಾಡಿನಲ್ಲಿ ನಡೆಯುತ್ತಿದ್ದ ಇನ್ನೊಂದು ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಬಾಸೆಲ್ ಮಿಷನಿನ ಮೋಗ್ಲಿಂಗ್ ದೊರೆಗಳು ೧೮೫೦ರ ದಶಕದಲ್ಲಿ ಕೊಡಗಿನಲ್ಲಿ ವಾಸಮಾಡಿ, ಅಲ್ಲಿಯ ಜನರ ಚರಿತ್ರೆಯನ್ನೂ ಆಚಾರಗಳನ್ನೂ ತಿಳಿದು ೧೮೫೫ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಪರದೇಶದ ಉಪದೇಶಕನೊಬ್ಬನು ಕನ್ನಡವನ್ನು ಕಲಿತು ಕೊಡಗಿನವರ ಮಾತನ್ನು ಕೇಳುತ್ತಿದ್ದ ದಿನಗಳಲ್ಲಿಯೇ, ಕೊಡಗಿನ ಅರಸುಕುಮಾರಿಯು ಪರದೇಶದಲ್ಲಿ ಇತರರ ಮಾತನ್ನು ಕೇಳುತ್ತಾ ಕುಳಿತಿದ್ದಳು. ಎರಡೂ ಕ್ರಿಸ್ತನ ಹೆಸರಿನಲ್ಲಿ ನಡೆದ ಕಾರ್ಯಗಳೇ. ಆದರೆ ಒಂದು ಕಡೆಯಲ್ಲಿ ಕಲಿಸುವವನು ಮೊದಲು ಕಲಿತನು. ಇನ್ನೊಂದು ಕಡೆಯಲ್ಲಿ ಕಲಿಯುವವಳನ್ನು ಏನೂ ಕೇಳಲಿಲ್ಲ. ಮಿಷನ್ ಶಾಲೆಯ ಉಪಾಧ್ಯಾಯಿನಿಯಾದ ನನಗೆ ಈ ಎರಡು ದೃಷ್ಟಾಂತಗಳೂ ಬೇಕು.

೫. ಆಗದೆ ಹೋದ ಮಹಾರಾಣಿ

ಗೌರಮ್ಮನಿಗೆ ಕೊಡಬೇಕೆಂದು ರಾಣಿಯವರು ಎಣಿಸಿಕೊಂಡಿದ್ದ ಬಿರುದು ಇನ್ನೊಂದಿತ್ತು. ಪಂಜಾಬಿನ ಕಡೆಯ ಮಹಾರಾಜನಾದ ದುಲೀಪ್ ಸಿಂಗನು ೧೮೪೯ರಲ್ಲಿ ಹತ್ತು ವರ್ಷದ ಬಾಲಕನಾಗಿದ್ದಾಗ ರಾಜ್ಯವನ್ನು ಕಳೆದುಕೊಂಡು, ೧೮೫೩ರಲ್ಲಿ ಕ್ರಿಸ್ತನಾಗಿ, ೧೮೫೪ರಲ್ಲಿ ಇಂಗ್ಲೆಂಡಿಗೆ ಬಂದನು. ಅವನ ಪಾಲಕನು ಲೇಡಿ ಲಾಗಿನ್ನಳ ಗಂಡನೇ. ಇಬ್ಬರು ಕ್ರಿಸ್ತೀಯ ರಾಜಮಕ್ಕಳಿಗೆ ವಿವಾಹವಾದರೆ ಎಷ್ಟು ಚೆನ್ನಾಗಿರುವುದೆಂದು ರಾಣಿಯವರು ಆಶಿಸಿದರು. ದುಲೀಪ್ ಸಿಂಗನು ಒಪ್ಪಲಿಲ್ಲ. ಗೌರಮ್ಮನು ಅವನಿಗೆ ತಂಗಿಯಂತಿದ್ದಳೇ ಹೊರತು ಬೇರೆಯಲ್ಲ.

ಆ ಮಹಾರಾಜನು ಮುಂದೆ ಯಾರನ್ನು ವರಿಸಿದನೆಂಬುದು ನಮ್ಮಂಥ ಶಾಲೆಯವರು ತಿಳಿಯತಕ್ಕ ಸಂಗತಿ. ಈಜಿಪ್ತ ದೇಶದ ಕೈರೋ ಪಟ್ಟಣದಲ್ಲಿದ್ದ ಅಮೆರಿಕನ್ ಮಿಷನ್ ಶಾಲೆಯಲ್ಲಿ ಕಲಿಸುತ್ತಿದ್ದ ಬಾಂಬಾ ಮುಲ್ಲರ್ ಎಂಬ ಹುಡುಗಿಯನ್ನು ಅವನು ೧೮೬೪ರಲ್ಲಿ ಮದುವೆಯಾದನು. ಹುಟ್ಟಿನಿಂದ ಯಾವ ಬಿರುದೂ ಇಲ್ಲದ ಉಪಾಧ್ಯಾಯಿನಿಯು ಮಹಾರಾಣಿಯಾದಳು. ಹುಟ್ಟಿನಿಂದ ಬಿರುದು ಹೊತ್ತು ಬಂದ ಗೌರಮ್ಮನು ಅದೇ ವರ್ಷದಲ್ಲಿ ಮಣ್ಣಾದಳು. ದುಲೀಪ್ ಸಿಂಗನಾದರೋ, ೧೮೮೬ರಲ್ಲಿ ಏಡನ್ ಬಂದರಿನಲ್ಲಿ ಮರಳಿ ಸಿಖ್ಖನಾದನು. ಕೇಳದೆ ಕೊಟ್ಟದ್ದನ್ನು ಅವನು ಹಿಂದಿರುಗಿಸಿದನೆಂದು ಹೇಳಬಹುದು. ಅವನು ಗಂಡಸು, ದೀರ್ಘವಾಗಿ ಬದುಕಿದನು. ಗೌರಮ್ಮನಿಗೆ ಅಷ್ಟು ಕಾಲವು ದೊರೆಯಲಿಲ್ಲ.

೬. ಕರ್ನಲ್ ಕ್ಯಾಂಬೆಲನ ಹೆಂಡತಿ

೧೮೬೦ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗೌರಮ್ಮನಿಗೆ ಲೇಡಿ ಲಾಗಿನ್ನಳ ಸಹೋದರನಾದ ಕರ್ನಲ್ ಜಾನ್ ಕ್ಯಾಂಬೆಲನೊಡನೆ ವಿವಾಹವಾಯಿತು. ಅವನು ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯನು. ೧೮೬೧ರಲ್ಲಿ ಒಂದು ಹೆಣ್ಣು ಮಗುವು ಹುಟ್ಟಿತು. ಅಷ್ಟರಲ್ಲಿ ಕ್ಷಯರೋಗವು ತಾಯಿಯನ್ನು ಹಿಡಿದಿತ್ತು. ೧೮೬೪ನೆಯ ಮಾರ್ಚ್ ೩೦ರಂದು, ಇಪ್ಪತ್ತಮೂರು ವರ್ಷವೂ ತುಂಬದೆ, ಗೌರಮ್ಮನು ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಗಂಡನು ಕೆಲವು ವರ್ಷಗಳೊಳಗಾಗಿ ಕಾಣೆಯಾದನು.

ಸಮಾಧಿಯ ಕಲ್ಲಿನ ಮೇಲಿನ ಲೇಖವನ್ನು ವಿಕ್ಟೋರಿಯಾ ರಾಣಿಯವರೇ ರಚಿಸಿದರು. ಅದರಲ್ಲಿ ರಾಜಕುಮಾರಿ ಎಂಬ ಬಿರುದಿದೆ. ಕೊಡಗಿನ ಮಾಜಿ ಅರಸನ ಮಗಳೆಂದಿದೆ, ಕರ್ನಲನ ಪ್ರಿಯಪತ್ನಿಯೆಂದಿದೆ. ರಾಣಿಯ ರಕ್ಷಣೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದವಳೆಂದಿದೆ. ತಂದೆಗೆ ಮಗಳು, ಗಂಡನಿಗೆ ಹೆಂಡತಿ, ರಾಣಿಗೆ ಸಾಕುಮಗಳು. ಬರೆದುದೆಲ್ಲವೂ ನಿಜ, ಪ್ರೀತಿಯಿಂದ ಬರೆದುದೂ ಹೌದು. ಆದರೆ ಆ ಇಪ್ಪತ್ತೆರಡು ವರ್ಷದ ಯುವತಿಯು ಏನನ್ನು ಪ್ರೀತಿಸಿದಳು, ಏನನ್ನು ಹಂಬಲಿಸಿದಳು ಎಂಬುದಕ್ಕೆ ಕಲ್ಲಿನಲ್ಲಿ ಸ್ಥಳವಾಗಲಿಲ್ಲ.

ಕಲ್ಲಿನ ಕಡೆಯಲ್ಲಿ ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದ ಹದಿನಾರನೆಯ ವಚನವನ್ನು ಕೆತ್ತಿದ್ದಾರೆ. ಈ ಹಟ್ಟಿಗೆ ಸೇರದ ಬೇರೆ ಕುರಿಗಳ ವಿಷಯವಾಗಿ ಕರ್ತನು ಹೇಳಿದ ವಚನವದು. ಹೊರಗಿನಿಂದ ಬಂದ ಮಗುವನ್ನು ಒಳಗೆ ಸೇರಿಸಿಕೊಂಡೆವೆಂಬ ಸಂತೋಷವು ರಾಣಿಯವರಿಗೆ ಇತ್ತೆಂದು ಕಾಣುತ್ತದೆ. ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿರುವುದು. ಅಲ್ಲಿಯ ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಅವುಗಳ ಹೆಸರಿನಿಂದಲೇ ಕರೆಯುವವನು. ಹಟ್ಟಿಗೆ ತಂದಮೇಲೆ ಬೇರೆ ಹೆಸರಿಡುವ ಮಾತು ಅಲ್ಲಿಲ್ಲ.

ಪ್ರಶ್ನೆಗೆ ಉತ್ತರ

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಗೌರಮ್ಮನನ್ನು ಯಾರಾದರೂ ಕೇಳಿದರೇ? ತಂದೆಯು ನಿಶ್ಚಯಿಸಿದನು, ಕುಂಪಣಿಯವರು ಅಪ್ಪಣೆಕೊಟ್ಟರು, ರಾಣಿಯವರು ಹೆಸರು ಕೊಟ್ಟರು, ಪಾಲಕರು ಬೆಳೆಸಿದರು. ಆ ಕಾಲದಲ್ಲಿ ಮಕ್ಕಳನ್ನು, ಅದರಲ್ಲಿಯೂ ಹೆಣ್ಣು ಮಕ್ಕಳನ್ನು, ಕೇಳುವ ಪದ್ಧತಿಯು ಅರಮನೆಯಲ್ಲಿಯೂ ಇರಲಿಲ್ಲ, ಗುಡಿಸಲಿನಲ್ಲಿಯೂ ಇರಲಿಲ್ಲ. ಅವರಲ್ಲಿ ಯಾರನ್ನೂ ದುಷ್ಟರೆಂದು ನಾನು ಹೇಳಲಾರೆನು. ಎಲ್ಲರೂ ಹುಡುಗಿಯ ಮೇಲನ್ನೇ ಬಯಸಿದರು. ಮೇಲನ್ನು ಬಯಸುವವರೇ ಕೇಳುವುದನ್ನು ಮರೆಯುತ್ತಾರೆಂಬುದು ಈ ಚರಿತ್ರೆಯ ದುಃಖಕರವಾದ ಪಾಠವು.

ಆದರೂ ಒಂದು ಸಂಗತಿಯು ನನ್ನ ಮನಸ್ಸಿಗೆ ಸಮಾಧಾನವನ್ನು ಕೊಡುತ್ತದೆ. ೧೮೬೧ರಲ್ಲಿ ಹುಟ್ಟಿದ ಆ ಮಗುವಿಗೆ ಇಟ್ಟ ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ. ರಾಣಿಯ ಹೆಸರೂ ಇದೆ, ಅದರ ಪಕ್ಕದಲ್ಲಿ ಕಾಶಿಯಲ್ಲಿ ಹುಟ್ಟಿದ ಕನ್ನಡದ ಮಗುವಿಗೆ ಮೊದಲು ಇಟ್ಟ ಹೆಸರೂ ಇದೆ. ಇಂಗ್ಲೆಂಡಿನ ಸಮಾಜದಲ್ಲಿ ಬೆಳೆಯಬೇಕಾಗಿದ್ದ ಕ್ಯಾಂಬೆಲ್ ಮನೆತನದ ಹುಡುಗಿಗೆ ಗೌರಮ್ಮ ಎಂಬ ಹೆಸರಿನಿಂದ ಲೌಕಿಕವಾಗಿ ಯಾವ ಪ್ರಯೋಜನವಿತ್ತು? ಅದನ್ನು ಸೇರಿಸಿದ್ದು ತಾಯಿಯ ಇಚ್ಛೆಯೆಂದೇ ನಾನು ನಂಬುತ್ತೇನೆ. ರಾಜ್ಯವಿಲ್ಲ, ಊರಿಲ್ಲ, ತಂದೆಯ ಹಣವಿಲ್ಲ, ಆರೋಗ್ಯವಿಲ್ಲ. ಆದರೆ ಮಗಳಿಗೆ ಕೊಡುವುದಕ್ಕೆ ಆಕೆಯದೇ ಆದ ಒಂದು ವಸ್ತು ಉಳಿದಿತ್ತು. ಬಿರುದುಗಳ ಸಾಲಿನಲ್ಲಿ ನಾನು ಆ ಹೆಸರನ್ನು ಸೇರಿಸಿದ್ದು ಇದಕ್ಕಾಗಿಯೇ.

ನಮ್ಮ ದೇಶದ ಬಿರುದುಗಳ ಕಥೆಯೂ ಮುಗಿದಿದೆ. ೧೯೫೦ರ ರಾಜ್ಯಾಂಗವು ಸರಕಾರವು ಬಿರುದುಗಳನ್ನು ಕೊಡಕೂಡದೆಂದಿತು. ೧೯೭೧ರ ತಿದ್ದುಪಡಿಯು ಹಳೆಯ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತು. ಆದರೆ ಮನೆಮನೆಗಳಲ್ಲಿ ಹೆಣ್ಣು ಮಕ್ಕಳಿಗೆ ಕೊಡುವ ಸಣ್ಣ ಬಿರುದುಗಳು ಇನ್ನೂ ಮುಗಿದಿಲ್ಲ. ಪ್ರತಿವರ್ಷವೂ ಶಾಲೆಗೆ ಸೇರಿಸುವ ದಿನದಲ್ಲಿ ನಾನು ಹುಡುಗಿಯನ್ನು ನೋಡಿ, ನಿನ್ನ ಹೆಸರೇನೆಂದು ಕೇಳಿದರೆ, ತಂದೆಯು ಉತ್ತರ ಕೊಡುತ್ತಾನೆ. ಯಾವ ವಿಷಯವನ್ನು ಓದುವೆ ಎಂದರೆ, ತಾಯಿಯು ಉತ್ತರ ಕೊಡುತ್ತಾಳೆ. ಮಗುವು ನೆಲವನ್ನು ನೋಡುತ್ತಾ ನಿಂತಿರುತ್ತದೆ. ಹಿಂದೆ ನಾನೂ ಹೇಳಿದುದನ್ನು ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದೆನು. ಈಗ ಲೇಖನಿಯನ್ನು ಕೆಳಗಿಟ್ಟು, ಹುಡುಗಿಯು ತಾನೇ ಹೇಳುವ ತನಕ ಕಾದಿರುತ್ತೇನೆ. ಸಾಲು ಉದ್ದವಾಗುತ್ತದೆ, ಗುಮಾಸ್ತರು ಗಡಿಯಾರವನ್ನು ನೋಡುತ್ತಾರೆ, ಆದರೂ ಕಾಯುತ್ತೇನೆ. ಮಾತಾಪಿತೃಗಳು ಇದನ್ನು ತಮ್ಮ ಮೇಲಿನ ಅವಿಶ್ವಾಸವೆಂದು ಎಣಿಸದೆ, ಮನೆಯಲ್ಲಿಯೂ ಹಾಗೆಯೇ ಒಂದು ನಿಮಿಷ ಕಾಯಬೇಕೆಂದು ಬೇಡಿಕೊಳ್ಳುತ್ತೇನೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ವಾರ್ಷಿಕೋತ್ಸವಕ್ಕೆ ಬಂದಾಗ ನೀವು ಬಾಗಿಲಲ್ಲಿ ನಿಂತು, ನಾನು ಇಂಥ ಡಾಕ್ಟರರ ಮನೆಯವಳು, ಇಂಥವನ ತಾಯಿ ಎಂದು ಗುರುತು ಹೇಳಿಕೊಳ್ಳುತ್ತೀರಿ. ಆ ಗುರುತುಗಳೆಲ್ಲವೂ ಗೌರವವುಳ್ಳವುಗಳೇ. ಆದರೆ ನಮ್ಮ ದಾಖಲೆಯ ಪುಸ್ತಕದ ಮೊದಲನೆಯ ಅಂಕಣದಲ್ಲಿ ನಿಮ್ಮ ಸ್ವಂತ ಹೆಸರು ಇಂದಿಗೂ ಹಾಗೆಯೇ ಇದೆ. ಮುಂದಿನ ಸಲ ಬಂದಾಗ ಅದನ್ನೇ ಮೊದಲು ಹೇಳಿರಿ.

ಹಿಂದಿನ ಬೆಂಚಿನ ಆ ಹುಡುಗಿಗೆ ಈ ಉತ್ತರವನ್ನು ತರಗತಿಯಲ್ಲಿ ಹೇಳುವಷ್ಟರಲ್ಲಿ ಆಕೆಯು ಮೇಲಿನ ತರಗತಿಗೆ ಹೋಗಿದ್ದಳು. ಕರೆಸಿ ಎಲ್ಲವನ್ನೂ ಹೇಳಿದೆನು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಗಳ ಹೆಸರನ್ನು ಮಾತ್ರ ಆಕೆಯನ್ನು ಕೇಳಿಯೇ ಇಟ್ಟಿರಬೇಕು, ಅಲ್ಲವೇ ಅಮ್ಮಾ?" ಎಂದಳು. ಹೌದೆಂದೆನು.